ಅಕ್ಕನ ಬಕೆಟ್ಟು, ಅಜ್ಜಿಯ ಬಾಗಿಲು

ನಮ್ಮ ಆಫೀಸಿನ ಬಾಗಿಲಲ್ಲಿ ಒಂದು ನೀಲಿ ಬಕೆಟ್ಟಿದೆ. ಪಕ್ಕದಲ್ಲಿ ಹಿಡಿ ಮುರಿದ ಮಗ್ಗು, ಕೆಳಗೆ ಗೋಣಿಚೀಲದ ತುಂಡು. ಮೊದಲ ಸಲ ಬಂದವರು ಇದು ಗುಡಿಯೋ ಆಸ್ಪತ್ರೆಯೋ ಎಂದು ತಲೆ ಎತ್ತಿ ಬೋರ್ಡು ಓದುತ್ತಾರೆ. ಬೋರ್ಡಿನಲ್ಲಿ ಸಾಫ್ಟ್‌ವೇರ್ ಎಂದಿರುತ್ತದೆ. ಅವರ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

ಬಕೆಟ್ ಇಟ್ಟವರು ಅಕ್ಕ. ಅವರು ಕೆಲಸ ಬಿಟ್ಟು ಒಂದು ತಿಂಗಳಾಯಿತು. ಬಕೆಟ್ಟು ಬಿಟ್ಟಿಲ್ಲ.

ರಾಮನಗರದಲ್ಲಿ ಮೈಸೂರು ರಸ್ತೆಯಿಂದ ಒಂದು ತಿರುವು ಒಳಗೆ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನಾವಿದ್ದದ್ದು ನಾಲ್ಕು ಜನ. ಇಲ್ಲಿ ಹೆಸರು ಹಿಡಿದು ಕರೆಯುವ ರೂಢಿಯಿಲ್ಲ, ಊರು ಹಿಡಿದೇ ಕರೆಯುವುದು. ಮಾಲೀಕರು ಕನಕಪುರ, ಎದುರಿಗೆ ಸಾರ್, ಬೆನ್ನ ಹಿಂದೆ ಕನಕಪುರ. ನನ್ನ ಸಹೋದ್ಯೋಗಿ ಚನ್ನಪಟ್ಟಣ. ನಾನು ಮಾಗಡಿ, ನಿಜವಾಗಿ ನಮ್ಮೂರು ಗುಡೇಮಾರನಹಳ್ಳಿ, ಆದರೆ ಅಷ್ಟುದ್ದ ಕರೆಯುವ ವ್ಯವಧಾನ ಯಾರಿಗಿದೆ? ಅಕ್ಕೂರಿನವರಾದ ಅಕ್ಕನನ್ನು ಮಾತ್ರ ಊರಿನಿಂದ ಕರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ನಮ್ಮ ಕೆಲಸ ಹೇಳಲು ಸುಲಭ. ರೇಷ್ಮೆ ಬೆಳೆಗಾರರ ಒಂದು ಸಂಘಕ್ಕಾಗಿ, ಹಿಂದಿನ ದಿನ ಯಾವ ಮಾರುಕಟ್ಟೆಯಲ್ಲಿ ಗೂಡಿಗೆ ಏನು ರೇಟಾಯಿತೆಂದು ಪ್ರತಿ ಬೆಳಿಗ್ಗೆ ರೈತರ ಫೋನಿಗೆ ಕಳಿಸುವುದು. ಅದನ್ನು ನೋಡಿಕೊಂಡು ಅವರು ಗೂಡನ್ನು ಗಾಡಿಗೆ ತುಂಬಿ ಯಾವ ಕಡೆಗೆ ಒಯ್ಯಬೇಕೆಂದು ತೀರ್ಮಾನಿಸುತ್ತಾರೆ. ರೇಟುಗಳನ್ನೆಲ್ಲ ಇಡುವುದು ಕ್ಲೌಡಿನಲ್ಲಿ, ಅಂದರೆ ದೂರದ ಯಾವುದೋ ಊರಿನ ಬಾಡಿಗೆ ಕಂಪ್ಯೂಟರುಗಳಲ್ಲಿ.

ಅಕ್ಕ ನಮ್ಮ ಹಿರಿಯ ಪ್ರೋಗ್ರಾಮರ್. ಎಂಸಿಎ ಓದಿದವರು. ಆದರೆ ಹುಟ್ಟಿ ಬೆಳೆದದ್ದು ರೇಷ್ಮೆ ಹುಳದ ಮನೆಯಲ್ಲಿ, ಹುಳ ಅಟ್ಟದ ಮೇಲೆ, ಮಕ್ಕಳು ನೆಲದ ಮೇಲೆ. ಆ ಮನೆಯ ಕಾನೂನನ್ನೆಲ್ಲ ಅವರು ಆಫೀಸಿಗೆ ತಂದಿದ್ದರು. ಮೊದಲನೆಯದು ಬಕೆಟ್ಟು.

"ಏನೇ ಮಾಗಡಿ, ಕಾಲು?"

"ಬಸ್ಸಿಂದ ಇಳಿದು ನೇರ ಬಂದೆ ಅಕ್ಕ, ಮಣ್ಣು ತುಳಿದಿಲ್ಲ."

"ಬಸ್ಸೇನು ತೊಳೆದಿಟ್ಟ ಮುತ್ತಾ? ಹೋಗು, ಒಸಿ ನೀರು ಹುಯ್ಕಂಡು ಬಾ."

ಚನ್ನಪಟ್ಟಣ ಒಮ್ಮೆ ವಾದಕ್ಕೆ ನಿಂತ. "ಅಕ್ಕೋ, ಸರ್ವರ್ ಇರೋದು ಎಲ್ಲೋ ಮುಂಬೈ ತಾವ. ಇಲ್ಲಿ ನನ್ ಕಾಲಿಂದ ಅಲ್ಲಿಗೇನಾಯ್ತದೆ?"

"ನಮ್ಮೂರಾಗೂ ಹಂಗೇ ಅಂತಿದ್ರು ಕಣ್ಲಾ. ಹುಳ ಅಟ್ಟದ ಮ್ಯಾಲವೆ, ನಾನು ಬಾಗಿಲ ತಾವ ನಿಂತಿವ್ನಿ, ಏನಾಯ್ತದೆ ಅಂತ. ಆಮ್ಯಾಕೆ ನೋಡುದ್ರೆ ಹುಳವೆಲ್ಲ ತಟ್ಟೆನಾಗೆ ಕರ್ರಗಾಗಿ ಬಿದ್ದಿರವು. ತೊಳ್ಕ."

ನನಗೆ ದಿನಚರಿ ಬರೆಯುವ ಅಭ್ಯಾಸ. ಹಿಂದಿನ ಪುಟದಲ್ಲಿ ಯಾರು ಎಷ್ಟು ಸಲ ವಾಪಸು ಹೋಗಿ ಕಾಲು ತೊಳೆದರು ಎಂದು ಗೀಟು ಹಾಕುತ್ತಿದ್ದೆ. ಮೊದಲ ವರ್ಷದ ಕೊನೆಗೆ ಕನಕಪುರದವರು ಎಲ್ಲರಿಗಿಂತ ಬಹಳ ಮುಂದಿದ್ದರು. ಬಾಡಿಗೆ ಕಟ್ಟುವವನು ತಾನಾದ್ದರಿಂದ ತನ್ನ ಕಾಲಿಗೆ ವಿನಾಯಿತಿ ಇದೆ ಎಂದು ಅವರು ಬಹಳ ದಿನ ನಂಬಿದ್ದರು.

ಪ್ರೋಗ್ರಾಮು ಓಡುವಾಗ ಅಕ್ಕ ಲ್ಯಾಪ್‌ಟಾಪಿಗೆ ಕಿವಿ ಹಚ್ಚುತ್ತಿದ್ದರು. ಹುಳ ಸೊಪ್ಪು ಮೇಯುವಾಗ ಮಳೆ ಹನಿದಂತೆ ಸದ್ದು ಬರುತ್ತದಂತೆ. ಸದ್ದು ನಿಂತರೆ ಒಂದೋ ಸೊಪ್ಪು ಮುಗಿದಿದೆ, ಇಲ್ಲವೇ ಹುಳ ಜ್ವರಕ್ಕೆ ಕೂತಿದೆ. ಜ್ವರವೆಂದರೆ ಹುಳ ಪೊರೆ ಬಿಡುವ ಹೊತ್ತು. ಆಗ ಅದು ತಿನ್ನುವುದಿಲ್ಲ, ಅದನ್ನು ಮುಟ್ಟಬಾರದು. ಹಳೆಯ ಪ್ರೋಗ್ರಾಮು ತೆಗೆದು ಹೊಸದನ್ನು ಹಾಕುವಾಗಲೆಲ್ಲ ಅಕ್ಕ ಕೈ ಎತ್ತಿ, "ಜ್ವರದಾಗೈತೆ, ಯಾರೂ ಮುಟ್ಬ್ಯಾಡಿ" ಎನ್ನುತ್ತಿದ್ದರು. ಕೇಳಿ ಕೇಳಿ ಕನಕಪುರದವರ ಬಾಯಿಗೂ ಅದೇ ಬಂದಿತ್ತು. ಒಂದು ದಿನ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿ ರೇಟ್ ಯಾಕೆ ತಡವಾಯಿತೆಂದು ಕೇಳಿದಾಗ, "ಸಿಸ್ಟಮ್ಮಿಗೆ ಜ್ವರ ಸಾರ್" ಎಂದುಬಿಟ್ಟರು. ಆ ಕಡೆಯಿಂದ ಉತ್ತರ ಬಂತು: "ಮಾತ್ರೆ ಕೊಡಿಸ್ರೀ. ಇನ್ನೊಂದು ಬೆಳಿಗ್ಗೆ ರೇಟ್ ತಪ್ಪಿದ್ರೆ ನಿಮ್ಮ ಸಹವಾಸ ಸಾಕು."

ತಮಾಷೆಯ ಮಾತಲ್ಲ ಅದು. ನಮಗಿದ್ದದ್ದು ಆ ಒಂದೇ ಸಂಘ. ಅದು ಕೈಬಿಟ್ಟರೆ ನಾಲ್ಕೂ ಊರಿನವರು ಅವರವರ ಊರಿಗೆ ಹೋಗಬೇಕಿತ್ತು.

ಇನ್ನು ಕೀಲಿಯ ವಿಷಯ. ಕ್ಲೌಡಿನೊಳಗೆ ಹೋಗಲು ಒಂದು ಕೀಲಿ ಬೇಕು. ಕಬ್ಬಿಣದ್ದಲ್ಲ, ಅಕ್ಷರ, ಅಂಕಿ ಕಲಸಿದ ಎರಡು ಸಾಲು. ಅದು ಯಾರ ಕೈಯಲ್ಲಿದ್ದರೂ ಅವರು ಒಳಗೆ ಹೋಗಿ ಓದಬಹುದು, ತಿದ್ದಬಹುದು, ಅಳಿಸಬಹುದು. ಅಕ್ಕ ಸೇರುವ ಮೊದಲು ಇದ್ದವರಾರೋ ಆ ಎರಡು ಸಾಲನ್ನು ಪ್ರೋಗ್ರಾಮಿನೊಳಗೇ ಬರೆದುಬಿಟ್ಟಿದ್ದರು. ಅದೂ ಒಂದು ಕಡೆ ಅಲ್ಲ. ಎಷ್ಟು ಕಡೆ ಎಂದು ಎಣಿಸಲು ಅಕ್ಕ ನನಗೆ ಹೇಳಿದರು. ಇಪ್ಪತ್ತಮೂರು ಕಡೆ ಸಿಕ್ಕಿತು.

"ಮನೆ ಬೀಗದ ಕೀನ ಗ್ವಾಡೆ ಮ್ಯಾಲೆ ಇಪ್ಪತ್ಮೂರು ಕಡೆ ನೇತಾಕವ್ರೆ" ಎಂದು ಅಕ್ಕ ತಲೆ ಚಚ್ಚಿಕೊಂಡರು. ಆವತ್ತಿನಿಂದ ಅವರದು ಒಂದೇ ಮಾತು: "ಕೀಲಿ ಬರ್ದಿಟ್ಕಬಾರ್ದು. ಬೇಕಾದಾಗ ಕೇಳಿ ಈಸ್ಕಬೇಕು."

ಅವರ ಯೋಜನೆ ಇಷ್ಟು. ಕ್ಲೌಡಿನಲ್ಲೇ ಒಂದು ಭದ್ರವಾದ ಪೆಟ್ಟಿಗೆ ಇರುತ್ತದೆ. ಪ್ರೋಗ್ರಾಮು ಕೆಲಸ ಶುರುಮಾಡುವಾಗ ತಾನೇ ಅಲ್ಲಿಗೆ ಹೋಗಿ ಕೇಳಬೇಕು. ಸ್ವಲ್ಪ ಹೊತ್ತಿಗೆ ಮಾತ್ರ ನಡೆಯುವ ತಾತ್ಕಾಲಿಕ ಕೀಲಿ ಸಿಗುತ್ತದೆ. ಹೊತ್ತು ಮೀರಿದರೆ ಆ ಕೀಲಿ ಸತ್ತಂತೆ. ಮತ್ತೆ ಹೋಗಿ ಕೇಳಬೇಕು. ಪ್ರೋಗ್ರಾಮಿನಲ್ಲಿ ಎಲ್ಲೂ ಏನೂ ಬರೆದಿರುವುದಿಲ್ಲ.

ಕನಕಪುರದವರು ಕುರ್ಚಿ ಹಿಂದಕ್ಕೆ ವಾಲಿಸಿ, ಜೀವಮಾನದ ಪ್ರಶ್ನೆ ಎಂಬಂತೆ ಕೇಳಿದರು. "ಅಲ್ಲಮ್ಮ, ಪೆಟ್ಟಿಗೆ ತೆಗೆಯೋಕೂ ಒಂದು ಕೀಲಿ ಬೇಕಲ್ಲ? ಆ ಕೀಲೀನ ಎಲ್ಲಿಡ್ತೀಯ?"

"ನಮ್ಮಜ್ಜಿ ಹುಳದ ಮನೆ ಬಾಗಿಲಾಗೆ ಕುಂತಿರಳು ಸಾರ್. ಬಾಗಿಲಿಗೆ ಬೀಗನೇ ಇರ್ನಿಲ್ಲ, ಅಜ್ಜಿನೇ ಬೀಗ. ಯಾರ್ ಬಂದ್ರೂ ಮೊದ್ಲು ಕಾಲು ನೋಡಳು, ಆಮ್ಯಾಕೆ ಮಕ. ಮನೇರು, ಕಾಲು ತೊಳ್ಕಂಡವ್ರೆ ಅಂದ್ರೆ ಒಳೀಕೆ. ಇಲ್ಲಾಂದ್ರೆ ಆಚ್ಗೆ. ನಮ್ಮಪ್ಪನ್ನೇ ಎಷ್ಟು ಸಲ ಆಚ್ಗಟ್ಟವ್ಳೆ. ಗುರ್ತು ಇರೋಳಿಗೆ ಕೀಲಿ ಯಾಕ್ ಬೇಕು?"

ಬಾಡಿಗೆಯ ಪ್ರತಿ ಕಂಪ್ಯೂಟರಿಗೂ, ಅದರಲ್ಲಿ ಕೆಲಸ ಮಾಡುವ ನಮ್ಮಂಥವರಿಗೂ ಕ್ಲೌಡಿನವರೇ ಒಂದೊಂದು ಗುರುತು ಕೊಟ್ಟಿರುತ್ತಾರೆ. ಪೆಟ್ಟಿಗೆ ಆ ಗುರುತನ್ನು ನೋಡಿ, ತನ್ನ ಪಟ್ಟಿಯಲ್ಲಿದ್ದರೆ ಕೊಡುತ್ತದೆ. ನಾನು ಕಾಲೇಜಿನಲ್ಲಿ ಎರಡು ಸಲ ಓದಿ ಅರ್ಥವಾಗದಿದ್ದದ್ದು ಅಜ್ಜಿಯಿಂದ ಅರ್ಥವಾಯಿತು. ಕನಕಪುರದವರಿಗೂ ಆಯಿತು. ಆದರೂ ಅವರು ಒಪ್ಪಲಿಲ್ಲ. "ಓಡ್ತಾ ಇರೋ ಗಾಡಿ ನಿಲ್ಸಿ ಯಾಕಮ್ಮ ಕೀಲೆಣ್ಣೆ ಹಾಕ್ತೀಯ? ಸುಮ್ನಿರು."

ಅಕ್ಕ ಸುಮ್ಮನಿರಲಿಲ್ಲ. ಬಿಡುವು ಸಿಕ್ಕಾಗ, ಪೆಟ್ಟಿಗೆಯ ಬಾಗಿಲಲ್ಲಿ ಕೂತು ಗುರುತು ನೋಡಿ ಕೀಲಿ ಕೊಡುವ ಪ್ರೋಗ್ರಾಮನ್ನು ಬರೆದು ಮುಗಿಸಿದರು. ಅದಕ್ಕೆ ಅಜ್ಜಿ ಎಂದೇ ಹೆಸರಿಟ್ಟರು. ಗುರುತಿಲ್ಲದವರು ಕೇಳಿದರೆ ಅಜ್ಜಿ ಕೊಡುವ ಉತ್ತರವನ್ನೂ ಬರೆದರು: "ಯಾರ್ಲಾ ನೀನು? ಕಾಲು ತೊಳ್ಕಂಡು ಬಾ."

"ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಬರೆಯೋಣ ಅಕ್ಕ" ಎಂದೆ.

"ಅಜ್ಜಿಗೆ ಇಂಗ್ಲಿಷು ಬರಾಕಿಲ್ಲ" ಎಂದರು.

ಹೀಗೆ ಅಜ್ಜಿ ಸಿದ್ಧವಾಗಿ, ಬಾಗಿಲಲ್ಲಿ ಕೂರುವ ಅಪ್ಪಣೆಗೆ ಕಾಯುತ್ತಿದ್ದಳು. ಅಪ್ಪಣೆ ಕೊಡಿಸಿದ್ದು ಆಯುಧ ಪೂಜೆ.

ಹಬ್ಬಕ್ಕೆ ಎಲ್ಲರೂ ಊರಿಗೆ ಹೋಗುವುದರಿಂದ ನಮ್ಮಲ್ಲಿ ಪೂಜೆಯನ್ನು ಎರಡು ದಿನ ಮೊದಲೇ ಮುಗಿಸುತ್ತಾರೆ. ಆ ಬೆಳಿಗ್ಗೆ ಕನಕಪುರದವರು ಪಂಚೆ ಉಟ್ಟು, ಮರೆಯದೆ ಕಾಲು ತೊಳೆದು ಬಂದರು. ಲ್ಯಾಪ್‌ಟಾಪುಗಳಿಗೆ ಚೆಂಡುಹೂವು, ಪ್ರಿಂಟರಿಗೆ ವಿಭೂತಿ, ಸ್ಕೂಟರಿಗೆ ಬಾಳೆಕಂದು. ಅವರ ತಂದೆಯ ಕಾಲದಿಂದಲೂ ಅಂಗಡಿಯ ಬೀಗ, ಬೀಗದ ಕೈಗಳನ್ನು ತಟ್ಟೆಯಲ್ಲಿಟ್ಟು ಪೂಜಿಸುವುದು ಅವರ ಮನೆಯ ಪದ್ಧತಿ. ಆಫೀಸಿನ ಕೀಲಿ, ಸ್ಕೂಟರಿನ ಕೀಲಿ, ಬೀರುವಿನ ಕೀಲಿ ಎಲ್ಲವನ್ನೂ ಇಟ್ಟರು. ಆಮೇಲೆ ಏನೋ ನೆನಪಾಯಿತು.

"ಲೇ ಚನ್ನಪಟ್ಟಣ, ಅನ್ನ ಹಾಕೋ ಕೀಲೀನೇ ಬುಟ್ಬುಟ್ವಲ್ಲಾ! ಆ ಕ್ಲೌಡ್ ಕೀಲಿ ತೆಗಿ."

ಅಕ್ಕ ಕೆಳಗೆ ಕುಂಬಳಕಾಯಿ ಕೊಳ್ಳಲು ಹೋಗಿದ್ದರು. ನಾನು ಅರಿಸಿನ ಕಲಸುತ್ತಿದ್ದೆ. ಚನ್ನಪಟ್ಟಣ ಆ ಎರಡು ಸಾಲನ್ನು ಪರದೆಯ ತುಂಬ ದೊಡ್ಡದಾಗಿ ತೆರೆದ, ದೇವರಿಗೆ ಚೆನ್ನಾಗಿ ಕಾಣಲಿ ಎಂದು. ಕನಕಪುರದವರು ಪರದೆಗೇ ಕುಂಕುಮವಿಟ್ಟು, ಹೂವು ಏರಿಸಿ, ಮಂಗಳಾರತಿ ಎತ್ತಿ ಕೈಮುಗಿದರು. ಚನ್ನಪಟ್ಟಣ ಫೋಟೋ ತೆಗೆದ. ತೆಗೆದವನು ಸುಮ್ಮನಿದ್ದಾನೆಯೇ? ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಜಗತ್ತೆಲ್ಲ ನೋಡಬಹುದಾದ ನಮ್ಮ ಆಫೀಸಿನ ಪುಟಕ್ಕೂ ಹಾಕಿದ.

ಅಕ್ಕ ಕುಂಬಳಕಾಯಿ ಹಿಡಿದು ಮೆಟ್ಟಿಲು ಹತ್ತುತ್ತಲೇ ಫೋನಿನಲ್ಲಿ ಆ ಫೋಟೋ ನೋಡಿದರು. ಬಾಗಿಲಲ್ಲೇ ನಿಂತರು. ಕಾಲು ತೊಳೆಯದೆ ಒಳಗೆ ಬಂದರು. ಅವರ ಹೆಸರಿನ ಮುಂದೆ ನನ್ನ ದಿನಚರಿಯಲ್ಲಿರುವುದು ಆ ಒಂದೇ ಗೀಟು.

"ಯಾವನ್ಲಾ ಇದ್ನ ಹಾಕ್ದೋನು?"

"ಪೂಜೆ ಅಕ್ಕ..." ಎಂದ ಚನ್ನಪಟ್ಟಣ. "ಎಲ್ರೂ ಕೈಮುಗ್ದವ್ರೆ. ಗುರ್ತಿಲ್ದೋರೂ ಚೆನ್ನಾಗೈತೆ ಅಂದವ್ರೆ."

"ಚೆನ್ನಾಗಿರ್ದೆ ಏನು? ಮನೆ ಕೀಲಿಗೆ ಕುಂಕುಮ ಇಟ್ಟು ಊರಿಗೆಲ್ಲ ಹಂಚಿವ್ರಿ. ಮೊದ್ಲು ಅದ್ನ ತೆಗಿ."

ಚನ್ನಪಟ್ಟಣ ಎರಡೂ ಕಡೆಯಿಂದ ಫೋಟೋ ಅಳಿಸಿದ. ನೋಡಿದವರ ಫೋನಿನಿಂದ ಅಳಿಸುವವರು ಯಾರು? ಕನಕಪುರದವರು ಕನ್ನಡಕ ಏರಿಸಿ ತಮ್ಮ ಫೋನಿನಲ್ಲಿ ಉಳಿದಿದ್ದ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಅವರ ಮುಖದಲ್ಲಿ ಸ್ವಲ್ಪ ಬೆಳಕು ಬಂತು. "ಅಮ್ಮಾ, ಎರಡು ಅಕ್ಷರ ಕುಂಕುಮದಲ್ಲಿ ಮುಚ್ಚಿಹೋಗಿದೆ ನೋಡು. ಸಾಲ್ದಾ?"

"ಎರಡು ಹಲ್ಲು ಮುರ್ದಿರೋ ಬಾಚಣಿಗೆನಾಗೂ ತಲೆ ಬಾಚ್ಕಬೋದು ಸಾರ್."

ಹಳೆಯ ಕೀಲಿಯನ್ನು ಆಗಲೇ ಸಾಯಿಸಬೇಕು ಎಂದರು ಅಕ್ಕ. ಅದನ್ನು ಸಾಯಿಸಿದರೆ ಇಪ್ಪತ್ತಮೂರು ಕಡೆಯೂ ಪ್ರೋಗ್ರಾಮು ನಿಲ್ಲುತ್ತದೆ. ನಿಂತರೆ ಮರುದಿನ ಬೆಳಿಗ್ಗೆ ರೇಟ್ ಹೋಗುವುದಿಲ್ಲ. ಹೋಗದಿದ್ದರೆ ಸಂಘವೂ ಇಲ್ಲ. ಕನಕಪುರದವರು ಮಂಗಳಾರತಿ ತಟ್ಟೆ ಹಿಡಿದೇ ಬೇಡಿಕೊಂಡರು. "ನಾಳೆ ಬೆಳಿಗ್ಗೆ ಒಂದು ರೇಟ್ ಹೋಗ್ಲಿ ತಾಯಿ. ಆಮೇಲೆ ಸಾಯಿಸು."

"ಹುಳದ ಮನೇಗೆ ರೋಗ ಹೊಕ್ಕೈತೆ ಅಂದ್ಮ್ಯಾಲೆ, ನಾಳೆ ಗೂಡು ಕಟ್ಲಿ ತಡಿ ಅಂತ ಕಾಯಕಾಯ್ತದಾ ಸಾರ್?"

ಹೇಳುತ್ತಲೇ ಕೀಲಿಯನ್ನು ರದ್ದು ಮಾಡಿದರು. ಲ್ಯಾಪ್‌ಟಾಪಿನ ಸದ್ದು ಅಡಗಿತು.

ಆಮೇಲೆ ಅಕ್ಕ ಹೊರಗೆ ಹೋಗಿ ನಿಧಾನವಾಗಿ ಕಾಲು ತೊಳೆದು ಬಂದು ಕೂತರು. ನಾನು ಕೀಲಿ ಬರೆದಿದ್ದ ಒಂದೊಂದು ಜಾಗವನ್ನೂ ಓದಿ ಹೇಳುವುದು, ಅಕ್ಕ ಅಲ್ಲಿದ್ದ ಎರಡು ಸಾಲನ್ನು ಕಿತ್ತು ಅಜ್ಜಿಯನ್ನು ಕೇಳುವ ಒಂದು ಸಾಲು ಹಾಕುವುದು, ಚನ್ನಪಟ್ಟಣ ಓಡಿಸಿ ನೋಡುವುದು. ಕನಕಪುರದವರಿಗೆ ಮಾಡಲು ಏನೂ ಇರಲಿಲ್ಲ. ಪ್ರಸಾದದ ಕಡಲೆಪುರಿಯನ್ನು ನಮ್ಮ ಪಕ್ಕ ಪಕ್ಕ ತಂದು ಸುರಿಯುತ್ತಾ, ಬಾಳೆಹಣ್ಣು ಸುಲಿದು ಕೊಡುತ್ತಾ ಓಡಾಡಿದರು. ಪಶ್ಚಾತ್ತಾಪ ಪಡುವ ಮಾಲೀಕರಷ್ಟು ಚೆನ್ನಾಗಿ ಯಾರೂ ಉಪಚಾರ ಮಾಡುವುದಿಲ್ಲ. ಮಧ್ಯೆ ಒಮ್ಮೆ, "ಕುಂಬಳಕಾಯಿ ಒಡೆಯೋದು ಉಳೀತಲ್ಲ" ಎಂದು ಮೆಲ್ಲಗೆ ಕೇಳಿದರು. "ಕೆಲ್ಸ ಆಗ್ಲಿ, ಆಮ್ಯಾಕೆ ಯಾರ್ ತಲೆ ಮ್ಯಾಲೆ ಒಡೆಯದು ಅಂತ ನೋಡಾನ" ಎಂದರು ಅಕ್ಕ. ಚನ್ನಪಟ್ಟಣ ಕುರ್ಚಿಯನ್ನು ಸ್ವಲ್ಪ ಆಚೆಗೆ ಸರಿಸಿಕೊಂಡ.

ನಮ್ಮೂರಿನ ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಮುಗಿಯಿತು. ಇಪ್ಪತ್ತಮೂರರಲ್ಲಿ ಒಂದು ಕಡೆಯೂ ಕೀಲಿ ಉಳಿಯಲಿಲ್ಲ. ಕುಂಬಳಕಾಯಿ ರಸ್ತೆಯ ಮೇಲೆಯೇ ಒಡೆಯಿತು.

ಮರುದಿನ ಬೆಳಿಗ್ಗೆ ನಾನಿನ್ನೂ ಬಸ್ಸಿನಲ್ಲಿದ್ದೆ. ಊರಿನಲ್ಲಿ ಹುಳ ಸಾಕುವ ನಮ್ಮ ದೊಡ್ಡಪ್ಪನ ಫೋನ್ ಬಂತು.

"ಏನವ್ವಾ, ನಿಮ್ಮ ಆಫೀಸ್ನೋರು ಎದ್ದೇಟ್ಗೆ ಬೈತಾವ್ರೆ?"

"ಯಾರು ಬೈದರು ದೊಡ್ಡಪ್ಪ?"

"ಮೆಸೇಜ್ ಬಂದೈತೆ ನೋಡು. ಮಾಗಡಿ ರೇಟು: ಯಾರ್ಲಾ ನೀನು? ಕಾಲು ತೊಳ್ಕಂಡು ಬಾ."

ನಾನು ಸೀಟಿನಿಂದ ಎದ್ದೇಬಿಟ್ಟೆ.

"ಅಲ್ಲಾ, ನಾನ್ ಯಾರು ಅಂತ ಅವ್ರಿಗೆ ಗೊತ್ತಿಲ್ವಾ? ಇರ್ಲಿ, ಕಾಲೂ ತೊಳ್ಕಂಡೇ ಕುಂತಿವ್ನಿ. ಈಗ್ಲಾರ ರೇಟ್ ಹೇಳು."

ಆಗಿದ್ದು ಇಷ್ಟು. ಮಾಗಡಿಯ ರೇಟ್ ತರುವ ಪ್ರೋಗ್ರಾಮು ಬೇರೊಂದು ಹಳೆಯ ಬಾಡಿಗೆ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಹಿಂದಿನ ದಿನ ಓಡಿಸಿ ನೋಡಿದ್ದು ಚನ್ನಪಟ್ಟಣನ ಲ್ಯಾಪ್‌ಟಾಪಿನಲ್ಲಿ. ಅವನ ಗುರುತು ಅಜ್ಜಿಗಿತ್ತು. ಆ ಹಳೆಯ ಕಂಪ್ಯೂಟರಿನ ಗುರುತನ್ನು ಅಜ್ಜಿಯ ಪಟ್ಟಿಗೆ ಸೇರಿಸಲು ಅಕ್ಕ ಮರೆತಿದ್ದರು. ಬೆಳಿಗ್ಗೆ ಅದು ಹೋಗಿ ಕೀಲಿ ಕೇಳಿತು, ಅಜ್ಜಿ ಗದರಿದಳು. ಅದು ಪಾಪ, ಅಜ್ಜಿ ಅಂದದ್ದನ್ನೇ ಮಾಗಡಿಯ ರೇಟು ಎಂದುಕೊಂಡು ತಂದು ಒಪ್ಪಿಸಿತು. ಮೆಸೇಜು ಕಳಿಸುವ ಪ್ರೋಗ್ರಾಮು ಅದನ್ನು ಮಾಗಡಿ ತಾಲ್ಲೂಕಿನ ಸಂಘದ ಸದಸ್ಯರಿಗೆಲ್ಲ ಕಳಿಸಿತು.

ನಾನು ಆಫೀಸು ಮುಟ್ಟುವಷ್ಟರಲ್ಲಿ ಅಕ್ಕ ಆ ಕಂಪ್ಯೂಟರನ್ನು ಪಟ್ಟಿಗೆ ಸೇರಿಸಿ ಸರಿಯಾದ ರೇಟ್ ಕಳಿಸಿಯಾಗಿತ್ತು. ಯಾರೂ ಇನ್ನೂ ಗೂಡು ತುಂಬಿರಲಿಲ್ಲ. ಆದರೂ ಕನಕಪುರದವರು ಫೋನನ್ನು ಮೇಜಿನ ಮೇಲಿಟ್ಟು, ಅದು ಹಾವೋ ಹಗ್ಗವೋ ಎಂಬಂತೆ ನೋಡುತ್ತಾ ಕೂತಿದ್ದರು. ಅದು ಬಡಿದುಕೊಂಡಿತು. ಕಾರ್ಯದರ್ಶಿಗಳು. ಅಕ್ಕನೇ ಎತ್ತಿ, ಎಲ್ಲರಿಗೂ ಕೇಳುವಂತೆ ಇಟ್ಟರು.

"ತಪ್ಪು ನಂದೇ ಸಾರ್" ಎಂದರು, ಅವರು ಬಾಯಿ ತೆರೆಯುವ ಮೊದಲೇ.

"ಯಾವ ತಪ್ಪು ಮೇಡಂ? ಹುಳದ ಮನೆಗೆ ಕಾಲು ತೊಳೆದು ಹೋಗ್ರಪ್ಪಾ ಅಂತ ನಾವು ಎಷ್ಟು ಮೀಟಿಂಗ್ ಮಾಡಿದೀವಿ, ಎಷ್ಟು ಪಾಂಪ್ಲೆಟ್ ಹಂಚಿದೀವಿ. ಒಬ್ಬರೂ ಕೇಳ್ತಿರಲಿಲ್ಲ. ಇವತ್ತು ಮಾಗಡಿ ಕಡೆ ಎಲ್ಲರೂ ತೊಳೆದವ್ರಂತೆ! ಏನೋ ರೋಗ ಬಂದೈತೆ, ಮೇಲಿಂದ ಆರ್ಡರ್ ಆಗೈತೆ ಅಂತ ಮಾತಾಡ್ಕೊಂತಾವ್ರೆ. ವಾರಕ್ಕೊಂದ್ಸಲ ನಾಲ್ಕೂ ತಾಲ್ಲೂಕಿಗೆ ಕಳ್ಸಿ."

ಕನಕಪುರದವರು ಕಣ್ಣು ಮುಚ್ಚಿ ಯಾವುದೋ ದೇವರನ್ನು ನೆನೆದರು.

"ಆದ್ರೆ ಆ 'ಲಾ' ಒಂದು ತೆಗೆದುಬಿಡಿ ಮೇಡಂ. ನಮ್ಮ ಅಧ್ಯಕ್ಷರದೂ ಮಾಗಡೀನೇ."

ಫೋನ್ ಇಟ್ಟಮೇಲೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಕ್ಕ ನಗಲಿಲ್ಲ. "ಬಚಾವಾದ್ವಿ ಅಂತ ತಪ್ಪು ಒಪ್ಪಾಯ್ತದಾ?" ಎಂದು ಮತ್ತೆ ಲ್ಯಾಪ್‌ಟಾಪ್ ತೆರೆದರು. "ಅಜ್ಜಿ ಕೀಲಿ ಇಲ್ಲ ಅಂದ್ರೆ ಪ್ರೋಗ್ರಾಮು ಸುಮ್ಕೆ ವಾಪಸ್ ಬಂದು ನಮ್ಗೆ ಹೇಳ್ಬೇಕು. ಅಜ್ಜಿ ಬೈದಿದ್ನ ಊರಿಗೆಲ್ಲ ಸಾರಕೆ ಹೋಗಬಾರ್ದು." ಅದನ್ನು ಸರಿಪಡಿಸಿದ ಮೇಲೆಯೇ ಡಬ್ಬಿ ಬಿಚ್ಚಿದರು. ಮುದ್ದೆ, ಸೊಪ್ಪಿನ ಸಾರು. ಉಂಡ ಡಬ್ಬಿಯನ್ನು ಉಂಡ ಕೈಯಲ್ಲೇ ತೊಳೆಯಬೇಕು ಎಂಬುದು ಅವರ ಎರಡನೇ ಕಾನೂನು. ಅದನ್ನು ಕನಕಪುರದವರಿಗೂ ಕಲಿಸಿದ್ದರು.

ಈ ವರ್ಷ ಅಕ್ಕ ಕೆಲಸ ಬಿಡುತ್ತೇನೆಂದರು. ಅಕ್ಕೂರಿನಲ್ಲಿ ತಂಗಿಯ ಜೊತೆ ಚಾಕಿ ಕೇಂದ್ರ ತೆರೆಯುತ್ತಾರಂತೆ. ಮೊಟ್ಟೆಯಿಂದ ಹೊರಬಂದ ಮರಿಹುಳವನ್ನು ಎರಡನೇ ಜ್ವರ ಕಳೆಯುವ ತನಕ ಸಾಕಿ ರೈತರಿಗೆ ಕೊಡುವ ಕೆಲಸ. "ಪ್ರೋಗ್ರಾಮಿಗಿಂತ ಅದ್ಕೇ ಕಾಲು ತೊಳ್ಯೋ ಅಗತ್ಯ ಜಾಸ್ತಿ" ಎಂದರು.

ಕೊನೆಯ ದಿನ ಶುಕ್ರವಾರ. ಒಬ್ಬಟ್ಟಿನ ಊಟ ಆಯಿತು, ಅಕ್ಕನ ಡಬ್ಬಿಯ ಸೊಪ್ಪಿನ ಸಾರನ್ನೂ ನಾವು ಮೂವರೇ ಹಂಚಿಕೊಂಡು ಉಂಡೆವು. ಸಂಜೆ ಅಕ್ಕ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಅಜ್ಜಿ ಪಟ್ಟಿಯಿಂದ ನನ್ ಹೆಸ್ರು ತೆಗಿ."

ಕನಕಪುರದವರು ಎದ್ದು ಬಂದರು. "ಬೇಡಮ್ಮ, ಇರ್ಲಿ. ಏನಾದ್ರೂ ಕೆಟ್ಟು ನಿಂತ್ರೆ ನಿನ್ನನ್ನೇ ಕೇಳ್ಬೇಕಲ್ಲ."

"ಫೋನ್ ಮಾಡಿ ಸಾರ್, ಬತ್ತೀನಿ. ಹೋದೋರ ಹೆಸ್ರೆಲ್ಲ ಇಟ್ಕಂಡ್ರೆ ಅದು ಮನೆ ಅಲ್ಲ, ಛತ್ರ. ತೆಗಿಯೇ ಮಾಗಡಿ."

ನನ್ನ ಬೆರಳು ಓಡಲಿಲ್ಲ. ಪಟ್ಟಿಯ ಮೊದಲ ಹೆಸರೇ ಅವರದು. ಅದು ಇದ್ದರೆ ಅಕ್ಕ ಪೂರ್ತಿ ಹೋಗಿಲ್ಲ ಎಂದು ನಾನು ಒಳಗೇ ಲೆಕ್ಕ ಹಾಕಿಕೊಂಡಿದ್ದೆ. ಅಕ್ಕನಿಗೆ ಅದು ಗೊತ್ತಾಯಿತೆಂದು ಕಾಣುತ್ತದೆ. ಮೊಣಕೈಯಲ್ಲಿ ಮೆಲ್ಲಗೆ ತಿವಿದರು. ತೆಗೆದೆ.

"ಇರು, ಸರಿಯಾಗಿ ತೆಗ್ದ್ಯಾ ನೋಡಾನ" ಎಂದು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, ತಮ್ಮ ಗುರುತಿನಲ್ಲಿ ಕೀಲಿ ಕೇಳಿದರು. ಪರದೆಯ ಮೇಲೆ ಉತ್ತರ ಬಂತು.

ಯಾರ್ಲಾ ನೀನು? ಕಾಲು ತೊಳ್ಕಂಡು ಬಾ.

ಅಕ್ಕ ಅದನ್ನು ಅಜ್ಜಿಯ ದನಿಯಲ್ಲೇ ಓದಿದರು. ಆಮೇಲೆ ಬಾಯ್ತುಂಬ ನಕ್ಕರು. "ಅಜ್ಜಿ ಗಟ್ಟಿಯಾಗವ್ಳೆ" ಎಂದು ಲ್ಯಾಪ್‌ಟಾಪ್ ಮುಚ್ಚಿ, ಬ್ಯಾಗು ಹಾಕಿಕೊಂಡು ಇಳಿದು ಹೋದರು. ತಿರುಗಿ ನೋಡಲಿಲ್ಲ. ನಾವು ಮೂವರೂ ಕಿಟಕಿಯಲ್ಲಿ ನಿಂತು, ಹಾರ್ಡ್‌ವೇರ್ ಅಂಗಡಿಯ ಪೈಪುಗಳನ್ನು ನೋಡುತ್ತಿರುವವರಂತೆ ನಟಿಸಿದೆವು.

ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಗುರುತಿನ ಹೆಜ್ಜೆ ಸದ್ದಾಯಿತು. ಅಕ್ಕ! ಹೋಗುವ ಗಡಿಬಿಡಿಯಲ್ಲಿ ಊಟದ ಡಬ್ಬಿಯನ್ನು ಮೇಜಿನ ಕೆಳಗೆ ಮರೆತಿದ್ದರಂತೆ. ಚನ್ನಪಟ್ಟಣ ಓಡಿ ಹೋಗಿ ಬಾಗಿಲು ತೆರೆದ. ಕನಕಪುರದವರು, "ಬಾಮ್ಮಾ, ಬಾ ಬಾ" ಎಂದು ಕುರ್ಚಿ ಎಳೆದರು. ಅಕ್ಕ ಹೊಸ್ತಿಲಿಗೆ ಕಾಲು ಎತ್ತಿಟ್ಟರು.

"ಅಕ್ಕಾ, ಕಾಲು" ಎಂದೆ.

ಎಲ್ಲರೂ ನನ್ನ ಕಡೆ ನೋಡಿದರು. ಅಕ್ಕ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಸೀರೆಯ ನೆರಿಗೆ ಎತ್ತಿ, ಮಗ್ಗಿನಲ್ಲಿ ನೀರು ಮೊಗೆದು, ಹಿಮ್ಮಡಿ ಉಜ್ಜಿ ಉಜ್ಜಿ ತೊಳೆದರು. ಗೋಣಿಯ ಮೇಲೆ ಒರೆಸಿಕೊಂಡು ಒಳಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. "ಇನ್ ನಂಗೆ ಯೋಚ್ನೆ ಇಲ್ಲ ಕಣೆ" ಎಂದರು. ಕನಕಪುರದವರು ಯಾಕೋ ಕನ್ನಡಕ ಒರೆಸತೊಡಗಿದರು.

ನಾನು ಮೇಜಿನ ಕೆಳಗಿಂದ ಡಬ್ಬಿ ತೆಗೆದುಕೊಟ್ಟೆ. ಅಕ್ಕ ಮುಚ್ಚಳ ತೆಗೆದರು. ಶುಕ್ರವಾರದ ಸೊಪ್ಪಿನ ಸಾರಿನ ವಾಸನೆ ಮಹಡಿಯೆಲ್ಲ ಹರಡಿತು.

"ಥೂ ನಿಮ್ಮ! ನನ್ ಕಾಲು ತೊಳ್ಸಕೆ ಮೂರು ಜನ ಕಾದಿದ್ರಿ, ಒಂದು ಡಬ್ಬಿ ತೊಳ್ಯಕೆ ಒಬ್ರೂ ಇರ್ನಿಲ್ವಾ?"